ಉಪ್ಸಾಲಾದ ಶಾಲೆಯಲ್ಲಿ ಊಟ ಬಡಿಸಿದ ಅಕ್ಕನಿಗೆ

ಶಿಕ್ಷಕರ ವಿನಿಮಯ ಕಾರ್ಯಕ್ರಮದಲ್ಲಿ ಸ್ವೀಡನ್ನಿನ ಉಪ್ಸಾಲಾದ ಒಂದು ಶಾಲೆಗೆ ಹೋಗಿದ್ದೆ. ಅವತ್ತು ಗುರುವಾರ. ಅಲ್ಲಿ ಗುರುವಾರ ಅಂದ್ರೆ ಹಳದಿ ಬಟಾಣಿ ಸೂಪು, ಜೊತೆಗೆ ಪ್ಯಾನ್‌ಕೇಕ್. ತುಂಬಾ ಹಳೇ ರೂಢಿಯಂತೆ. ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲಿ ನಿಂತೆ. ಸೂಪಿನಲ್ಲಿ ಹಂದಿಮಾಂಸದ ತುಂಡುಗಳು ಕಂಡವು. ನಾನು ಮಾಂಸ, ಮೊಟ್ಟೆ ಎರಡೂ ತಿನ್ನುವುದಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು. ಯಾರನ್ನು ಕೇಳುವುದು ಅಂತಲೂ ತೋಚಲಿಲ್ಲ.

ನೀವು ನನ್ನ ಮುಖ ನೋಡಿದಿರಿ, ಅಷ್ಟೇ. ಪಕ್ಕದ ಚಿಕ್ಕ ಪಾತ್ರೆಯ ಮುಚ್ಚಳ ತೆಗೆದು ಮಾಂಸವಿಲ್ಲದ ಸೂಪು ತೋರಿಸಿದಿರಿ. ಒಳಗಿಂದ ಪದಾರ್ಥಗಳ ಪಟ್ಟಿ ತಂದು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಇಂಗ್ಲಿಷಿನಲ್ಲಿ ನಿಧಾನಕ್ಕೆ ಹೇಳಿದಿರಿ. ಪ್ಯಾನ್‌ಕೇಕಿನಲ್ಲಿ ಮೊಟ್ಟೆ ಇದೆ ಅಂತ ನೀವೇ ಎಚ್ಚರಿಸಿ, ರೈ ಅನ್ನುವ ಧಾನ್ಯದ ಗರಿಗರಿ ರೊಟ್ಟಿಯೂ ಬೆಣ್ಣೆಯೂ ಕೊಟ್ಟಿರಿ. ಬಡಿಸುವ ಮುಂಚೆ ಸೌಟನ್ನೂ ಬದಲಾಯಿಸಿದಿರಿ. ನಾನು ಕೇಳಿರಲೇ ಇಲ್ಲ! ಆ ಬೇರೆ ಸೌಟು ನೋಡಿ ಮನಸ್ಸು ಹಗುರಾಯ್ತು. ಬಿಸಿ ಸೂಪನ್ನು ಎರಡು ಸಲ ಹಾಕಿಸಿಕೊಂಡೆ.

ಸ್ವೀಡನ್ನಿನಲ್ಲಿ ಕಡ್ಡಾಯ ಶಿಕ್ಷಣದ ಹಂತದ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಊಟ ಉಚಿತ. ಅದು ಪೌಷ್ಟಿಕವಾಗಿಯೂ ಇರಬೇಕು ಅಂತ 2011ರಿಂದ ಕಾನೂನೇ ಇದೆ. ಅದನ್ನು ಓದಿ ತಿಳಿದಿದ್ದೆ. ಆದರೆ ಸೌಟು ಬದಲಾಯಿಸಿ ಅಂತ ಯಾವ ಕಾನೂನೂ ಹೇಳುವುದಿಲ್ಲ, ಅಲ್ವಾ?

ನಮ್ಮ ಬಿಸಿಯೂಟದಲ್ಲಿ ಮೊಟ್ಟೆ ಬೇಡ ಅನ್ನುವ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತೇವೆ. ಈಗ ಅದನ್ನು ಅವರು ಕೇಳುವ ಮುಂಚೆಯೇ ಕೊಡುತ್ತಿದ್ದೇನೆ. ಇದು ನಿಮ್ಮಿಂದ ಕಲಿತದ್ದು. ತುಂಬಾ ಥ್ಯಾಂಕ್ಸ್ ಅಕ್ಕಾ.