‘ಸನ್‌ರೈಸ್’ ಬಗ್ಗೆ ಬರೆಯುವಾಗ

ಪ್ರಿಯ ಗೆಳೆಯರೇ,

ಮುರ್ನಾವ್ ನಿರ್ದೇಶಿಸಿದ ‘ಸನ್‌ರೈಸ್’ (1927) ಕುರಿತ ನಿಮ್ಮ ವಿಮರ್ಶೆಯ ಕರಡಿನಲ್ಲಿ ಮುಕ್ಕಾಲು ಪಾಲು ಕಥಾಸಾರವೇ ಇದೆ. ಅದನ್ನು ಮೂರು ವಾಕ್ಯಕ್ಕೆ ಇಳಿಸಿ: ಪಟ್ಟಣದ ಹೆಣ್ಣಿಗೆ ಮರುಳಾದ ರೈತ ಹೆಂಡತಿಯನ್ನು ದೋಣಿಯಿಂದ ನೀರಿಗೆ ತಳ್ಳಲು ಹೊರಡುತ್ತಾನೆ. ಕೊನೇ ಗಳಿಗೆಯಲ್ಲಿ ಕೈ ಬಾರದು. ಇಬ್ಬರೂ ನಗರದಲ್ಲಿ ಒಂದಾಗಿ ಮರಳುವಾಗ ಬಿರುಗಾಳಿ ಏಳುತ್ತದೆ. ಇಷ್ಟು ಸಾಕು, ಉಳಿದ ಜಾಗವನ್ನು ಕಣ್ಣಿಗೆ ಬಿಡಿ.

ರೈತ ರಾತ್ರಿ ಪಟ್ಟಣದ ಹೆಣ್ಣನ್ನು ಕಾಣಲು ಹೋಗುವ ಜೌಗುನೆಲದ ದೃಶ್ಯವನ್ನೇ ತೆಗೆದುಕೊಳ್ಳಿ. ಮೂರು ಸಲ ನೋಡಿ. ಮೊದಲ ಸಲ ಅವನನ್ನು, ಎರಡನೇ ಸಲ ಬೆಳಕನ್ನು, ಮೂರನೇ ಸಲ ಕ್ಯಾಮೆರಾವನ್ನು ಮಾತ್ರ. ಮೇಲಿನ ಹಳಿಗೆ ತೂಗುಹಾಕಿದ ಕ್ಯಾಮೆರಾ ಬೆಳದಿಂಗಳಲ್ಲಿ ಅವನ ಬೆನ್ನು ಹಿಡಿದು ಸಾಗುತ್ತದೆ. ಆಮೇಲೆ ಅವನನ್ನು ಬಿಟ್ಟು, ತಾನೇ ಕೊಂಬೆಗಳನ್ನು ಸೀಳಿಕೊಂಡು ಆ ಹೆಣ್ಣಿನ ಮುಂದೆ ನಿಲ್ಲುತ್ತದೆ. ಅವನು ಬರುವುದು ತಡವಾಗಿ, ಚೌಕಟ್ಟಿನ ಇನ್ನೊಂದು ಬದಿಯಿಂದ. ಮನಸ್ಸು ಮೊದಲು ತಲುಪಿತು, ಮೈ ಆಮೇಲೆ. ಇದನ್ನು ‘ಅದ್ಭುತ ಛಾಯಾಗ್ರಹಣ’ ಎಂದುಬಿಟ್ಟರೆ ಓದುಗನಿಗೆ ಏನೂ ಕಾಣುವುದಿಲ್ಲ. ಕ್ರಿಯಾಪದ ಬಳಸಿ, ವಿಶೇಷಣ ಹೊಡೆದುಹಾಕಿ.

ಜೊಂಡಿನ ಕಟ್ಟನ್ನು ನೀವು ಬಿಟ್ಟೇಬಿಟ್ಟಿದ್ದೀರಿ! ಹೆಂಡತಿ ಮುಳುಗಿದ ಮೇಲೆ ತಾನು ತೇಲಿ ಬದುಕಲು ಅವನು ಬಚ್ಚಿಟ್ಟುಕೊಂಡದ್ದು ಅದು. ಬಿರುಗಾಳಿಯಲ್ಲಿ ಅದನ್ನೇ ಅವಳ ಮೈಗೆ ಕಟ್ಟುತ್ತಾನೆ, ಅದೇ ಅವಳನ್ನು ಉಳಿಸುತ್ತದೆ. ಸುಡರ್‌ಮನ್ ಬರೆದ ಮೂಲ ಜರ್ಮನ್ ಕಥೆಯಲ್ಲಿ ಗಂಡ ಮುಳುಗಿ ಸಾಯುತ್ತಾನೆ. ಚಿತ್ರಕಥೆ ಬರೆದ ಕಾರ್ಲ್ ಮೇಯರ್ ಅಂತ್ಯವನ್ನು ಸುಖಾಂತವಾಗಿ ತಿರುಗಿಸಿದರೂ ಅದು ಹೊಲಿಗೆ ಹಾಕಿದಂತೆ ಕಾಣದಿರಲು ಈ ಕಟ್ಟೇ ಕಾರಣ. ಒಂದು ಇಡೀ ಪ್ಯಾರಾ ಇದಕ್ಕೆ ಕೊಡಿ.

ಮಾತನ್ನು ಅಕ್ಷರದಲ್ಲಿ ತೋರಿಸುವ ಶೀರ್ಷಿಕೆ ಫಲಕಗಳನ್ನೂ ಓದಿ. ಹೆಂಡತಿ ಮುಳುಗಿ ಸತ್ತರೆ ಹೇಗೆ ಎಂಬ ಪಟ್ಟಣದ ಹೆಣ್ಣಿನ ಮಾತಿನ ಅಕ್ಷರಗಳೇ ತೆರೆಯ ಮೇಲೆ ಕರಗಿ ಕೆಳಗಿಳಿಯುತ್ತವೆ.

ಇನ್ನು ತಪ್ಪುಗಳು. ಮೊದಲ ಆಸ್ಕರ್‌ನ ‘ಶ್ರೇಷ್ಠ ಚಿತ್ರ’ ಎಂದು ಬರೆದಿದ್ದೀರಿ. ಆ ಗೌರವ ‘ವಿಂಗ್ಸ್’ ಪಾಲಾಯಿತು. ಇದಕ್ಕೆ ಸಿಕ್ಕಿದ್ದು ‘ಅನನ್ಯ ಮತ್ತು ಕಲಾತ್ಮಕ ಚಿತ್ರ’ ಎಂಬ, ಆ ಒಂದೇ ವರ್ಷ ಕೊಟ್ಟ ಬಹುಮಾನ. ಹೆಂಡತಿಯ ಪಾತ್ರ ಮಾಡಿದ ಜಾನೆಟ್ ಗೇನರ್‌ಗೆ ಬಂದ ನಟಿ ಪ್ರಶಸ್ತಿ ಈ ಒಂದು ಚಿತ್ರಕ್ಕಲ್ಲ, ಮೂರು ಚಿತ್ರಗಳಿಗೆ. ‘ಮೂಕಿಚಿತ್ರ’ ಎಂದು ಬರೆದು ಮುಂದೆ ಹೋಗುವುದೂ ಅರ್ಧ ಸತ್ಯ. ಮಾತಿಲ್ಲ ನಿಜ, ಆದರೆ ಫಾಕ್ಸ್ ಸಂಸ್ಥೆ ಇದನ್ನು ಮೂವಿಟೋನ್ (ಫಿಲ್ಮ್ ಮೇಲೇ ಧ್ವನಿ ಮುದ್ರಿಸುವ ವಿಧಾನ) ಸಂಗೀತ, ಸದ್ದುಗಳೊಂದಿಗೆ ಬಿಡುಗಡೆ ಮಾಡಿತು. ಕತ್ತಲಲ್ಲಿ ಹೆಂಡತಿಯನ್ನು ಕೂಗುವ ಗಂಡನ ದನಿ ಕೊಂಬಿನ ನಾದವಾಗಿ ಕೇಳಿಸುತ್ತದೆ.

ಯಾವ ಪ್ರತಿ ನೋಡಿದಿರಿ ಎಂಬುದನ್ನೂ ನಮೂದಿಸಿ. ಮೂಲ ನೆಗೆಟಿವ್ 1937ರ ಬೆಂಕಿಯಲ್ಲಿ ಸುಟ್ಟುಹೋಯಿತು. ಮೂವಿಟೋನ್ ಪ್ರತಿಯಲ್ಲಿ ಧ್ವನಿಪಟ್ಟಿಗೆ ಜಾಗ ಬೇಕಾದ್ದರಿಂದ ಚಿತ್ರ ಹೆಚ್ಚುಕಡಿಮೆ ಚೌಕ. ಧ್ವನಿಪಟ್ಟಿಯಿಲ್ಲದ ಜೆಕ್ ಪ್ರತಿಯಲ್ಲಿ ಚಿತ್ರ ಇನ್ನೂ ಅಗಲ, ಅವಧಿಯೂ ಕಡಿಮೆ. ಚೌಕಟ್ಟಿನ ಅಂಚಿನಲ್ಲಿ ಏನಿದೆ ಎಂದು ನೀವು ಬರೆದ ಆ ಎರಡು ವಾಕ್ಯ ಸರಿಯೋ ತಪ್ಪೋ ಎಂಬುದು ನೀವು ನೋಡಿದ ಪ್ರತಿಯ ಮೇಲೆ ನಿಂತಿದೆ.