ದೇವಾಲಯದ ಮಾಡಿನ (ಛಾವಣಿಯ) ದುರಸ್ತಿ ಮೊಂತಿ ಹಬ್ಬದೊಳಗೆ ಆಗಬೇಕು: ಪಾಲನಾ ಮಂಡಳಿಯ ಮನವಿ

ಪ್ರೀತಿಯ ವಿಶ್ವಾಸಿಗಳೇ, ಊರ ಬಂಧುಗಳೇ,

ಯೇಸುಸ್ವಾಮಿಯ ನಾಮದಲ್ಲಿ ನಮಸ್ಕಾರ.

ಕಳೆದ ಭಾನುವಾರ ಸಂಜೆ ರೋಗಿಗಳ ಪ್ರಾರ್ಥನೆ ನಡೆಯುತ್ತಿದ್ದಾಗ ಮಾಡಿನ ಎಡಗಡೆಯ ಪಕಾಸಿ (ಹೆಂಚು ಹೊರುವ ಮರದ ತೊಲೆ) ಮುರಿಯಿತು. ಪುನರ್ವಸು ಮಳೆ ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ವಾ? ಹೆಂಚು ಜಾರಿ, ನೀರು ಕೊಡದಲ್ಲಿ ಸುರಿದ ಹಾಗೆ ಎರಡನೇ ಬೆಂಚಿನ ಮೇಲೆ ಬಿತ್ತು. ಎಲ್ಲರೂ ಎದ್ದು ಆಚೆ ಸರಿದರು. ಪಕ್ಕದ ಕುರ್ಚಿಯಲ್ಲಿದ್ದ ಅಣ್ಣ ಮಾತ್ರ ಏಳಲು ಆಗದೆ ಹಾಗೇ ಕೂತಿದ್ದರು. ಮಡಿಲ ಮೇಲಿನ ಕಂಬಳಿ ತೊಯ್ದು ತೊಪ್ಪೆಯಾಗಿತ್ತು. ಕೈಯಲ್ಲಿದ್ದ ಮೇಣದ ಬತ್ತಿಗೆ ಇನ್ನೊಂದು ಕೈ ಅಡ್ಡ ಹಿಡಿದು, ಅದು ಆರದ ಹಾಗೆ ಕಾಯುತ್ತಿದ್ದರು.

ಅವರನ್ನು ನಿಮ್ಮಲ್ಲಿ ಜಾಸ್ತಿ ಜನ ಬಲ್ಲಿರಿ. ಎರಡು ವರ್ಷದ ಹಿಂದೆ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಅಡಿಕೆ ಮರದಿಂದ ಬಿದ್ದವರು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆಸ್ಪತ್ರೆಗೆ ಅಲೆದು ಅಲೆದು ಇದ್ದ ಅರ್ಧ ಎಕರೆಯೂ ಹೋಯಿತು. ಹೆಂಡತಿ ಮಂದಿ ಮನೆಗೆ ಅಡಿಕೆ ಸುಲಿಯಲು ಹೋಗುತ್ತಾರೆ. ಪ್ರತಿ ಭಾನುವಾರ ನಾಲ್ಕು ಹುಡುಗರು ಕುರ್ಚಿ ಸಮೇತ ಎತ್ತಿಕೊಂಡು ಬರುತ್ತಾರೆ. ಅವರು ಒಮ್ಮೆ ನನ್ನ ಹತ್ತಿರ ಅಂದಿದ್ದರು: "ಸೊಂಟಕ್ಕೆ ಬಲ ಬರಲಿಲ್ಲ ಮಾರಾಯರೇ. ಆದರೆ ರಾತ್ರಿ ಹೊತ್ತು ಸಾಯಬೇಕು ಅನ್ನಿಸೋದು ನಿಂತಿದೆ."

ನಮ್ಮ ಪಾಲಿಗೆ ಇದೂ ಸ್ವಸ್ಥತೆಯೇ. ಮಾರ್ಕನ ಶುಭಸಂದೇಶದ 2ನೇ ಅಧ್ಯಾಯ ನೋಡಿ. ಕಫೆರ್ನವುಮಿನಲ್ಲಿ ನಾಲ್ಕು ಜನ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದರು. ಜನಜಂಗುಳಿಯಲ್ಲಿ ದಾರಿ ಸಿಗದೆ ಮಾಡು ಬಿಚ್ಚಿ ಒಳಗೆ ಇಳಿಸಿದರು. ಪ್ರಭು ಮೊದಲು ಹೇಳಿದ್ದು ಎದ್ದು ನಡೆ ಅಂತಲ್ಲ, ನಿನ್ನ ಪಾಪ ಕ್ಷಮಿಸಿದೆ ಅಂತ. ಮನಸ್ಸಿನ ಭಾರ ಮೊದಲು ಇಳಿಯಿತು, ನಡೆದದ್ದು ಆಮೇಲೆ. ಹಾಗಂತ ಔಷಧಿ ಬಿಡಿ ಅಂತ ಈ ಪೀಠದಿಂದ ಯಾವತ್ತೂ ಯಾರಿಗೂ ಹೇಳಿಲ್ಲ. ಡಾಕ್ಟರ ಚೀಟಿಯನ್ನೇ ಪೀಠದ ಮುಂದಿಟ್ಟು ಪ್ರಾರ್ಥಿಸುವವರು ನಾವು.

ಈ ದೇವಾಲಯದ ಕಥೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ, ಮುಳುಗಡೆಯ ಎಷ್ಟೋ ಕುಟುಂಬಗಳು ಸಾಮಾನು ಇಳಿಸಿದ್ದು ಇದೇ ಅಂಗಳದಲ್ಲಿ. ಜಾತಿ ಯಾವುದು ಅಂತ ಹಿರಿಯರು ಕೇಳಲಿಲ್ಲ. 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರ (ಬಿಷಪರ ಆಡಳಿತ ಪ್ರದೇಶ) ಆಗುವ ಹೊತ್ತಿಗೆ ನಮ್ಮದು ಹಳೇ ದೇವಾಲಯವೇ ಆಗಿತ್ತು. 2019ರಲ್ಲಿ ಅರಲಗೋಡು ಕಡೆ ಮಂಗನ ಕಾಯಿಲೆ ಜೋರಾಗಿ, ಅದನ್ನು ಹರಡುವ ಉಣುಗಿಗೆ ಹೆದರಿ ಜನ ಕಾಡಿನ ದಾರಿ ಬಿಟ್ಟಾಗ, ನಮ್ಮ ತಾಯಂದಿರು ಜ್ವರ ಬಂದವರ ಮನೆಗಳಿಗೆ ಗಂಜಿ ಕಳಿಸಿದರು. ಆ ದೊಡ್ಡ ಪಾತ್ರೆ ಇವತ್ತು ಸೋರುವ ಜಾಗದಲ್ಲಿ ನೀರು ಹಿಡಿಯುತ್ತಿದೆ. ನೋಡಿದರೆ ಹೊಟ್ಟೆ ಉರಿಯುತ್ತೆ.

ಈಗ ವಿಷಯಕ್ಕೆ ಬರುತ್ತೇನೆ. ಬಡಗಿ ಬಂದು ನೋಡಿದರು. ಎಡಗಡೆಯ ಪಕಾಸಿ, ರೀಪು ಎಲ್ಲ ಒರಲೆ ತಿಂದಿವೆ. ಮರ, ಹೆಂಚು, ಕೂಲಿ ಸೇರಿ 6-7 ಲಕ್ಷ ಆಗಬಹುದು. ಕೈಯಲ್ಲಿ 2 ಲಕ್ಷದ ಹತ್ತಿರ ಇದೆ. ಆಗಸ್ಟ್ 30ಕ್ಕೆ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಶುರು, ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನವರ ಹುಟ್ಟಿದ ದಿನದ ಮೊಂತಿ ಹಬ್ಬ. ಮಳೆ ಹೊಳವಾದ ದಿನ ಮಾತ್ರ ಮಾಡು ಏರಲು ಸಾಧ್ಯ. ಹಾಗಾಗಿ ಮರ ಈಗಲೇ ತಂದಿಟ್ಟುಕೊಳ್ಳಬೇಕು.

ಬೆಂಗಳೂರು, ಗಲ್ಫ್ ಸೇರಿದ ನಮ್ಮ ಮಕ್ಕಳೇ, ನಿಮ್ಮ ದೀಕ್ಷಾಸ್ನಾನ ಆಗಿದ್ದು ಈ ಮಾಡಿನ ಕೆಳಗೆ. ಐನೂರು ಕೊಟ್ಟರೂ ಸಂತೋಷ. ತೋಟದಲ್ಲಿ ಹಲಸು, ಮತ್ತಿ ಮರ ಇದ್ದವರು ಮರವನ್ನೇ ಕೊಡಬಹುದು. ದುಡ್ಡಿಲ್ಲದವರು ಹೆಂಚು ಇಳಿಸುವ ದಿನ ಬನ್ನಿ. ಚೆಕ್ ಆದರೆ ದೇವಾಲಯದ ಹೆಸರಿಗೇ ಬರೆಯಿರಿ, ಗುರುಗಳ ಕೈಯಿಂದ ರಸೀದಿ ತಪ್ಪದೆ ತೆಗೆದುಕೊಳ್ಳಿ. ಈ ಭಾನುವಾರವೂ ಪ್ರಾರ್ಥನೆ ಇದೆ. ಟಾರ್ಪಾಲು ಕಟ್ಟಿದ್ದೇವೆ. ಅಣ್ಣನ ಕುರ್ಚಿಯನ್ನು ಬಲಗಡೆಗೆ ಹಾಕಿದ್ದೇವೆ.

ಪ್ರಭುವಿನಲ್ಲಿ ನಿಮ್ಮ,
ಕಾರ್ಯದರ್ಶಿ, ಪಾಲನಾ ಮಂಡಳಿ