ವೇಷದ ಕತ್ತಿ ಮರದ್ದಿರಲಿ, ನೋಟಿಸ್ ಬೇಗ ಬರಲಿ

ಮಾನ್ಯ ಸಂಪಾದಕರೇ,

ರಾಜ್ಯೋತ್ಸವ ಹತ್ತಿರ ಬಂತು. ಶಾಲೆಗಳಲ್ಲಿ ಛದ್ಮವೇಷ ಇದ್ದೇ ಇರುತ್ತದೆ. ಹೆಣ್ಣುಮಕ್ಕಳೆಲ್ಲ ಕಿತ್ತೂರು ಚೆನ್ನಮ್ಮ, ಗಂಡುಮಕ್ಕಳೆಲ್ಲ ಸಂಗೊಳ್ಳಿ ರಾಯಣ್ಣ. ಎಲ್ಲರಿಗೂ ಕತ್ತಿ ಬೇಕು. (ಓಬವ್ವನಾದರೆ ಒನಕೆ ಸಾಕು. ಆದರೆ ಅಸಲಿ ಒನಕೆ ಎತ್ತುವ ಒಂದನೇ ಕ್ಲಾಸಿನ ಮಗುವನ್ನು ನಾನಂತೂ ನೋಡಿಲ್ಲ.) ಬಾಡಿಗೆಗೆ ಸಿಗುವುದು ಜಾಸ್ತಿ ತಗಡಿನ ಕತ್ತಿಯೇ. ಹೋದ ವರ್ಷ ನಮ್ಮ ಬೀದಿಯ ಒಬ್ಬ ಚೆನ್ನಮ್ಮ ಸ್ಟೇಜ್ ಹತ್ತುವ ಬದಲು ಅಂಗೈಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದಳು.

ನಾನು ಗುಬ್ಬಿಯ ಮರಗೆಲಸದವನು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಊರು ನಮ್ಮದು. ಸುತ್ತಲ ಹಳ್ಳಿಗಳಲ್ಲಿ ಈಗಲೂ ಪೌರಾಣಿಕ ನಾಟಕದ ಹುಚ್ಚು ಇಳಿದಿಲ್ಲ. ನಾಟಕದವರಿಗೆ ಗದೆ, ಕತ್ತಿ ಮಾಡಿಕೊಟ್ಟು ನನಗೆ ಅಭ್ಯಾಸ. ದುರ್ಯೋಧನ ಝಳಪಿಸುವುದು ಮರದ ಕತ್ತಿಯನ್ನೇ, ಮೇಲೆ ಹೊಳೆಯುವ ಬೇಗಡೆ ಹಾಳೆ ಅಂಟಿಸಿರುತ್ತೇವೆ. ಲೈಟ್ ಬಿದ್ದರೆ ಅದು ಮರ ಅಂತ ಯಾರೂ ಅನ್ನುವುದಿಲ್ಲ.

ಮಕ್ಕಳಿಗೂ ಅದೇ ಸಾಕು, ಅಲ್ವಾ? ಅರ್ಧ ಇಂಚು ದಪ್ಪದ ಹೆಬ್ಬೇವು ಅಥವಾ ಸಿಲ್ವರ್ ಓಕ್ ಹಲಗೆ ಒಳ್ಳೆಯದು, ಹಗುರ. ನೀಲಗಿರಿ ಬೇಡ, ತೂಕ ಜಾಸ್ತಿ, ಒಣಗಿದಾಗ ಸೀಳುತ್ತದೆ. ವಸಂತನರಸಾಪುರದ ಕಾರ್ಖಾನೆಗಳ ಕಡೆಯಿಂದ ಬರುವ, ಸಾಮಾನು ಪೇರಿಸುವ ಹಳೆ ಪೈನ್ ಪ್ಯಾಲೆಟ್ ಹಲಗೆಯೂ ಆದೀತು. ಆದರೆ ಅದರ ಮೇಲಿನ ಮುದ್ರೆ ನೋಡಿ. ಹೆಚ್‌ಟಿ ಅಂತಿದ್ದರೆ ಬಿಸಿಯಲ್ಲಿ ಹದ ಮಾಡಿದ್ದು. ಎಂಬಿ ಅಂತಿದ್ದರೆ ವಿಷದ ಗಾಳಿ ಹಾಯಿಸಿದ್ದು, ಮಗುವಿನ ಕೈಗೆ ಬೇಡವೇ ಬೇಡ. ಮಗು ಕೈ ಇಳಿಬಿಟ್ಟು ನಿಂತಾಗ ಅಂಗೈಯಿಂದ ನೆಲಕ್ಕೆ ಎಷ್ಟಿದೆಯೋ ಅದಕ್ಕಿಂತ ನಾಲ್ಕು ಬೆರಳು ಗಿಡ್ಡ ಇರಲಿ ಅಲಗು. ಇಲ್ಲದಿದ್ದರೆ ನಡೆಯುವಾಗ ಕಾಲಿಗೆ ಸಿಕ್ಕುತ್ತದೆ. ಹಿಡಿ, ಅಲಗು ಒಂದೇ ಹಲಗೆಯಲ್ಲಿ ಬರಬೇಕು, ಎಳೆ ಉದ್ದಕ್ಕೆ ಹೋಗಿರಬೇಕು. ಹಿಡಿಯ ಹತ್ತಿರ ಗಂಟು ಇದ್ದರೆ ಅಲ್ಲೇ ಮುರಿಯುತ್ತದೆ. ತುದಿಗೆ ಹತ್ತು ರೂಪಾಯಿ ನಾಣ್ಯ ಇಟ್ಟು ಗೀಟು ಎಳೆದು ದುಂಡಗೆ ಕತ್ತರಿಸಿ. ಅಂಚನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ, ನಿಮ್ಮ ಕೆನ್ನೆಗೇ ಸವರಿ ನೋಡಿಕೊಳ್ಳಿ. ಅಡ್ಡಪಟ್ಟಿಗೆ ಬೇರೆ ತುಂಡು. ಎರಡರಲ್ಲೂ ಅರ್ಧರ್ಧ ಕಚ್ಚು ತೆಗೆದು ಫೆವಿಕಾಲ್ ಹಾಕಿ ಕೂರಿಸಿ. ಮೊಳೆ ಹೊಡೆಯಬೇಡಿ.

ಮನೆಯಲ್ಲಿ ಉಳಿದ ಹಳೇ ಡಬ್ಬದ ಬಣ್ಣ ಬಳಿಯಬೇಡಿ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಡಬ್ಬವಾದರೆ ನಂಬುವ ಹಾಗಿಲ್ಲ. ಬೇಗಡೆಯೇ ವಾಸಿ.

ಇದೆಲ್ಲ ಯಾವ ಬಡಗಿಗೂ ದೊಡ್ಡ ಕೆಲಸವಲ್ಲ. ತೊಂದರೆ ಏನೆಂದರೆ, ‘ನಾಳೆ ವೇಷ ಹಾಕಿಸಿ ಕಳಿಸಿ’ ಅಂತ ಶಾಲೆಯ ವಾಟ್ಸಾಪ್ ಬರುವುದು ರಾತ್ರಿ ಎಂಟು ಗಂಟೆಗೆ. ಆ ಹೊತ್ತಿಗೆ ತಗಡಲ್ಲದೆ ಇನ್ನೇನು ಸಿಗುತ್ತದೆ? ಪೋಷಕರನ್ನು ಬೈದು ಉಪಯೋಗವಿಲ್ಲ.

ಅದಕ್ಕೇ ಶಾಲೆಗಳಿಗೆ ನನ್ನದೊಂದು ಕೋರಿಕೆ. ಚೆನ್ನಮ್ಮನ ಕಿತ್ತೂರು ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ್ದು 1824ರ ಅಕ್ಟೋಬರ್ 23ರಂದು. ಪ್ರತಿ ವರ್ಷ ಆ ದಿನವೇ ಮಕ್ಕಳಿಗೆ ಅವಳ ಕಥೆ ಹೇಳಿ, ಅವತ್ತೇ ವೇಷದ ನೋಟಿಸನ್ನೂ ಕೊಟ್ಟುಬಿಡಿ. ನವೆಂಬರ್ ಒಂದಕ್ಕೆ ವಾರದ ಮೇಲೆ ಸಮಯ ಸಿಗುತ್ತದೆ. ತಗಡಿನ ಕತ್ತಿಗೆ ಪ್ರವೇಶವಿಲ್ಲ ಅಂತಲೂ ಅದರಲ್ಲಿ ಒಂದು ಸಾಲು ಬರೆಯಿರಿ. ಹಲಗೆ ತುಂಡುಗಳು ನಮ್ಮಂಥವರ ಅಂಗಡಿಯಲ್ಲಿ ಸುಮ್ನೆ ಸ್ನಾನದ ಒಲೆಗೆ ಹೋಗುತ್ತಿವೆ, ಕೇಳಿದರೆ ಕೊಡುತ್ತೇವೆ.

– ಒಬ್ಬ ಮರಗೆಲಸದವನು, ಗುಬ್ಬಿ, ತುಮಕೂರು ಜಿಲ್ಲೆ